ಎರಡು ಡಾಲರಿನ ರಾಕ್ಷಸ

ಮಗಳ ಮನೆ ಇರುವುದು ಫಿಲಡೆಲ್ಫಿಯಾದಿಂದ ಮುಕ್ಕಾಲು ಗಂಟೆ ದಾರಿಯ ಒಂದು ಬಡಾವಣೆಯಲ್ಲಿ. ಬೇಸಿಗೆಯ ಶನಿವಾರಗಳಲ್ಲಿ ಅಲ್ಲಿ ಯಾರಾದರೊಬ್ಬರು ಗರಾಜಿನ ಬಾಗಿಲೆತ್ತಿ, ಮನೆಯ ಹಳೆ ಸಾಮಾನನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ವ್ಯಾಪಾರಕ್ಕೆ ಕೂರುತ್ತಾರೆ. ಕಾರು ಬಿಡಲು ಬಾರದೆ ಆರು ತಿಂಗಳು ಕಳೆಯಬೇಕಾದ ನಮ್ಮಂಥ ಅಪ್ಪ-ಅಮ್ಮಂದಿರಿಗೆ ಅದೇ ಸಂತೆ, ಅದೇ ಜಾತ್ರೆ. ನನ್ನ ಹೆಂಡತಿ ಅಲ್ಲಿ ಕಡುಬು ಬೇಯಿಸಲು ಆಗುವಂಥ ಪಾತ್ರೆ ಹುಡುಕುತ್ತಾಳೆ. ನಾನು ಪುಸ್ತಕ ಹುಡುಕುತ್ತೇನೆ. ಆ ದಿನ ನನಗೆ ಸಿಕ್ಕಿದ್ದು ಬಲಗೈ ಇಲ್ಲದ ಒಬ್ಬ ರಾಕ್ಷಸ.

ಒಂದು ಗೇಣು ಎತ್ತರದ ಪ್ಲಾಸ್ಟಿಕ್ ಬೊಂಬೆ. ಚಪ್ಪಟೆ ನೆತ್ತಿ, ಹಣೆಯ ಮೇಲೆ ಗಾಯದ ಗೆರೆ, ಕೊರಳಿನ ಎರಡೂ ಬದಿಗೆ ಬೋಲ್ಟು, ಮಳೆಗಾಲದ ಬಾವಿಕಟ್ಟೆಯಂಥ ಹಸಿರು ಮುಖ. ಕಾಲಬುಡದಲ್ಲಿ ಒಂದು ಗೋರಿಕಲ್ಲು. ಫ್ರಾಂಕೆನ್‌ಸ್ಟೈನ್ ಎಂದು ಕೂಡಲೇ ಗುರುತಾಯಿತು. ಅದು ರಾಕ್ಷಸನ ಹೆಸರಲ್ಲ, ಅವನನ್ನು ಮಾಡಿದ ವಿಜ್ಞಾನಿಯದ್ದು ಎಂದು ತಿದ್ದುವವರು ಎಲ್ಲ ಊರಿನಲ್ಲೂ ಇದ್ದಾರೆ, ಗೊತ್ತು. ನಾನು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೂತವನು. ಅಪ್ಪನ ಹೆಸರಿನಿಂದಲೇ ಊರಿಡೀ ಗುರುತಾಗುವ ಮಕ್ಕಳ ಖಾತೆ ಬೇಕಾದಷ್ಟು ತೆರೆದಿದ್ದೇನೆ.

"ಎಷ್ಟು?" ಎಂದು ಕೇಳಿದೆ. ಮನೆಯ ಯಜಮಾನರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಬೊಂಬೆಯನ್ನು ಕೈಗೆತ್ತಿಕೊಂಡು ಒಮ್ಮೆ ತಿರುಗಿಸಿ ನೋಡಿದರು. ಕೈ ಇದ್ದಿದ್ದರೆ ಕೊಡುತ್ತಲೇ ಇರಲಿಲ್ಲವಂತೆ, ಇಲ್ಲದ್ದರಿಂದ ಎರಡು ಡಾಲರು.

ಮನೆಗೆ ಬಂದಾಗ ಹೆಂಡತಿ ಕೇಳಿದಳು: "ಎಂತದ್ದು ಮಾರಾಯ್ರೆ ಇದು? ಭೂತವಾ?"

"ಬಾಯಿ ಬಿಡ್ತು ಅನ್ನು. ಭೂತಕ್ಕೆ ಹಾಗೆಲ್ಲ ಕ್ರಯ ಕಟ್ಲಿಕ್ಕುಂಟಾ?" ಎಂದೆ.

ತಮಾಷೆಗೆ ಹೇಳಿದ್ದಲ್ಲ. ತುಳುನಾಡಿನವರಿಗೆ ಭೂತವೆಂದರೆ ದೈವ. ಕೋಲ ಕೊಡಬೇಕು, ನುಡಿ ಕೇಳಬೇಕು, ತಪ್ಪಾಗಿದ್ದರೆ ಕಾಣಿಕೆ ಇಡಬೇಕು. ಹಾಗಾಗಿ ಹಾಲಿವುಡ್ಡಿನ ಈ ಗಿರಾಕಿಗಳನ್ನು ಏನೆಂದು ಕರೆಯುವುದು ಎಂಬುದೇ ನನಗೆ ಮೊದಲಿನಿಂದಲೂ ತೊಡಕು. ಕೊನೆಗೆ ರಾಕ್ಷಸ ಎಂಬುದಕ್ಕೆ ಬಂದು ನಿಂತಿದ್ದೇನೆ. ರಾಕ್ಷಸ ನಮಗೆ ಯಕ್ಷಗಾನ ಬಯಲಾಟದಿಂದ ಪರಿಚಯ. ಅವನದು ವೇಷ; ಒಳಗೊಬ್ಬ ಮನುಷ್ಯನಿರುತ್ತಾನೆ, ಬೆಳಿಗ್ಗೆ ಅವನಿಗೂ ಚಹಾ ಬೇಕು.

ನನಗೆ ಆರೋ ಏಳೋ ವರ್ಷ. ನಮ್ಮ ಕೆಳಗಿನ ಮನೆಯವರ ಹರಕೆಯಾಟ, ಗದ್ದೆಯಲ್ಲಿ ದೇವೀ ಮಹಾತ್ಮೆ. ನಿದ್ದೆ ಹತ್ತಿ ಅಮ್ಮನ ತೊಡೆಯ ಮೇಲೆ ಬಿದ್ದುಕೊಂಡಿದ್ದೆ. ನಡುರಾತ್ರಿ ದಾಟಿರಬೇಕು, ಗದ್ದೆಯ ಆಚೆ ತುದಿಯಿಂದ ಒಂದು ಆರ್ಭಟ ಕೇಳಿತು. ಎದ್ದು ನೋಡಿದರೆ ಕತ್ತಲೆಯಲ್ಲಿ ದೊಂದಿಗಳ ಸಾಲು, ರಾಳದ ಪುಡಿ ಬಿದ್ದಲ್ಲೆಲ್ಲ ಭಗ್ಗನೆ ಏಳುವ ಬೆಂಕಿ, ಅದರ ನಡುವೆ ಎರಡು ಕೊಂಬು. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಕೂತವರ ನಡುವಿನಿಂದಲೇ ಬರುತ್ತಾನೆ. ಚೆಂಡೆಯ ಸದ್ದಿಗೆ ಎದೆ ಒಡೆಯುವುದೊಂದು ಬಾಕಿ. ನಾನು ಓಡಿದೆ. ಎತ್ತ ಓಡಿದೆ ಎಂದು ಇವತ್ತಿಗೂ ತಿಳಿಯದು. ಸಿಕ್ಕಿದ್ದು ಮಾತ್ರ ಕಡ್ಲೆ ಮಾರುವವನ ಗ್ಯಾಸ್‌ಲೈಟಿನ ಬಳಿ.

ಬೆಳಿಗ್ಗೆ ಅಪ್ಪ ಕೈಹಿಡಿದು, ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋದರು. ಕೊಂಬು ಬದಿಗಿತ್ತು. ಮಹಿಷಾಸುರ ಚಾಪೆಯ ಮೇಲೆ ಕೂತು ಮುಖಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಅರ್ಧ ಮುಖ ರಾಕ್ಷಸನದು, ಅರ್ಧ ಮುಖ ಯಾರೋ ಬಡಕಲು ಮನುಷ್ಯನದು. "ಹೆದ್ರಿದ್ಯಾ ಮಗಾ?" ಎಂದು ಕೇಳಿದ. ನಾನು ಇಲ್ಲ ಎಂದೆ. ಅವನಿಗೆ ಬೇಸರವಾದ ಹಾಗೆ ಕಂಡಿತು.

ಇಷ್ಟೆಲ್ಲ ಅಲ್ಲಿ ಆ ಯಜಮಾನರಿಗೆ ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ನನಗೆ ಬೆವರು ಬಂತು. ಆದರೆ ಹೇಳಿದ್ದೆ, ಮರುದಿನ ಸಂಜೆ ವಾಕಿಂಗಿಗೆ ಹೋದಾಗ. ಅವರು ನಗಲಿಲ್ಲ. ತಮ್ಮದನ್ನು ಹೇಳಿದರು. 1957ರ ಅಕ್ಟೋಬರಿನಲ್ಲಿ ಯೂನಿವರ್ಸಲ್ ಕಂಪೆನಿಯ ಹಳೆಯ 52 ಸಿನಿಮಾಗಳನ್ನು 'ಶಾಕ್' ಎಂಬ ಹೆಸರಿನಲ್ಲಿ ಕಟ್ಟು ಕಟ್ಟಿ ಅಮೆರಿಕದ ಟೀವಿ ಸ್ಟೇಷನ್ನುಗಳಿಗೆ ಮಾರಿದರು. ಟಾಕೀಸಿನಲ್ಲಿ ಅವುಗಳ ಕಾಲ ಮುಗಿದು ಎಷ್ಟೋ ವರ್ಷವಾಗಿತ್ತು. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್ ಎರಡೂ 1931ರವು. ಅಪ್ಪಂದಿರು ಹುಡುಗರಾಗಿದ್ದಾಗ ಹೆದರಿದ ಚಿತ್ರಗಳಿಗೆ ಈಗ ಮಕ್ಕಳು ನಡುಮನೆಯಲ್ಲಿ ಕಂಬಳಿ ಹೊದ್ದು ಹೆದರತೊಡಗಿದರು. ಒಂದೊಂದು ಊರಿನ ಸ್ಟೇಷನ್ನಿನವರು ಒಬ್ಬೊಬ್ಬ ನಿರೂಪಕನನ್ನು ಗೊತ್ತುಮಾಡಿಕೊಂಡರು. ಫಿಲಡೆಲ್ಫಿಯಾದಲ್ಲಿ ಜಾನ್ ಜಾಕರ್ಲಿ ಎಂಬಾತ ರೋಲಂಡ್ ಎಂಬ ಹೆಸರಿನಲ್ಲಿ, ಕಪ್ಪು ಕೋಟು ತೊಟ್ಟು ನೆಲಮಾಳಿಗೆಯ ಸೆಟ್ಟಿನಲ್ಲಿ ಬರುತ್ತಿದ್ದ. ಹೆಂಡತಿಯನ್ನು ಶವಪೆಟ್ಟಿಗೆಯಲ್ಲಿಟ್ಟುಕೊಂಡು ಮಾತಾಡಿಸುತ್ತಿದ್ದ. ಹೂಕೋಸನ್ನು ಮನುಷ್ಯನ ಮೆದುಳೆಂದು ಕೊಯ್ಯುತ್ತಿದ್ದ. ನಮ್ಮ ಆಟದಲ್ಲಿ ಹಾಸ್ಯಗಾರನೂ ರಾಕ್ಷಸನೂ ಬೇರೆ ಬೇರೆ ಜನ. ಇಲ್ಲಿ ಸಂಬಳ ಉಳಿಸಲಿಕ್ಕೋ ಏನೋ ಇಬ್ಬರೂ ಒಬ್ಬನೇ.

ಆ ಕಾಲದ ಮಕ್ಕಳಿಗೆ ಅಲ್ಲಿ 'ಮಾನ್‌ಸ್ಟರ್ ಕಿಡ್' ಎಂಬ ಹೆಸರೇ ಇದೆ. ಈಗ ಅವರೆಲ್ಲ ಅಜ್ಜಂದಿರು. ಅವರ ಪಾಲಿಗೆ ಧರ್ಮಗ್ರಂಥದಂಥ ಒಂದು ಪತ್ರಿಕೆ 1958ರಲ್ಲಿ ಬಂತು: 'ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್'. ಬೆಲೆ 35 ಸೆಂಟು. ಒಂದೇ ಸಂಚಿಕೆ ಎಂದು ಹೊರಟದ್ದು, ಕೊಂಡವರು ಬಿಡದೆ ಇಪ್ಪತ್ತೈದು ವರ್ಷ ನಡೆಯಿತು. ಸಂಪಾದಕ ಫಾರೆಸ್ಟ್ ಆಕರ್‌ಮನ್. ಲಾಸ್ ಏಂಜಲೀಸಿನಲ್ಲಿ 18 ಕೋಣೆಗಳ ಮನೆ ತುಂಬ ಮುಖವಾಡ, ಪೋಸ್ಟರು, ಡೈನೋಸಾರಿನ ಬೊಂಬೆ ತುಂಬಿಕೊಂಡು, ಶನಿವಾರಗಳಂದು ಬಾಗಿಲು ತೆರೆದು ಯಾರು ಬಂದರೂ ತೋರಿಸುತ್ತಿದ್ದವನು. ಡ್ರಾಕುಲಾನ ಪಾತ್ರಧಾರಿ ಬೇಲಾ ಲುಗೋಸಿ ತೊಟ್ಟ ಉಂಗುರ ಅವನ ಬೆರಳಿನಲ್ಲೇ ಇರುತ್ತಿತ್ತು. ಸ್ಟೀಫನ್ ಕಿಂಗ್ ಎಂಬ ಹುಡುಗ ಬರೆದು ಕಳಿಸಿದ ಕತೆಯನ್ನು ಅಚ್ಚುಹಾಕದೆ, ಆದರೆ ಎಸೆಯದೆ ಇಟ್ಟುಕೊಂಡಿದ್ದ. ವರ್ಷಗಳ ಮೇಲೆ ಆ ಹುಡುಗ ಜಗತ್ತಿಗೇ ಪರಿಚಿತನಾದಾಗ ಅದೇ ಹಾಳೆಗೆ ಅವನ ಸಹಿ ಹಾಕಿಸಿಕೊಂಡ. ಹಳೆ ಸಾಮಾನು ಎಸೆಯಬೇಡಿ ಎಂದು ನಾನು ಮನೆಯಲ್ಲಿ ವಾದ ಮಾಡುವಾಗ ಈ ಉದಾಹರಣೆ ಕೊಡುವುದುಂಟು. ಇದುವರೆಗೆ ಗೆದ್ದಿಲ್ಲ.

ನನ್ನ ಎರಡು ಡಾಲರಿನ ಬೊಂಬೆಯೂ ಆ ಕಾಲದ್ದೇ. ನ್ಯೂಯಾರ್ಕಿನ ಲಾಂಗ್ ಐಲಂಡಿನಲ್ಲಿದ್ದ ಅರೋರಾ ಎಂಬ ಕಂಪೆನಿ ವಿಮಾನ, ಹಡಗುಗಳ ಪ್ಲಾಸ್ಟಿಕ್ ಮಾದರಿ ಮಾಡುತ್ತಿತ್ತು. ಅರವತ್ತರ ದಶಕದ ಶುರುವಿನಲ್ಲಿ ಅವರು ಫ್ರಾಂಕೆನ್‌ಸ್ಟೈನಿನ ರಾಕ್ಷಸನನ್ನೂ ಬಿಡಿಭಾಗಗಳಾಗಿ ಪೆಟ್ಟಿಗೆಗೆ ಹಾಕಿ 98 ಸೆಂಟಿಗೆ ಮಾರಿದರು. ಹಿಂದೆಯೇ ಡ್ರಾಕುಲಾ, ತೋಳಮನುಷ್ಯ, ಮಮ್ಮಿ ಎಲ್ಲರೂ ಬಂದರು. ಕೈ, ಕಾಲು, ರುಂಡ ಬೇರೆ ಬೇರೆ. ಹುಡುಗರೇ ಗೋಂದು ಹಚ್ಚಿ ಜೋಡಿಸಿ ಬಣ್ಣ ಬಳಿಯಬೇಕು. ಹೆಣದ ತುಂಡುಗಳನ್ನು ಹೊಲಿದು ಜೀವ ಕೊಟ್ಟವನ ಕತೆಗೆ ಇದಕ್ಕಿಂತ ತಕ್ಕ ಆಟಿಕೆ ಇದ್ದೀತೇ? ಊರಿಗೊಬ್ಬ ಫ್ರಾಂಕೆನ್‌ಸ್ಟೈನ್ ಇದ್ದರೆ ಕಷ್ಟ; ಅಲ್ಲಿ ಮನೆಗೊಬ್ಬ ಇದ್ದ, ಮೂಗಿಗೆ ಗೋಂದಿನ ವಾಸನೆ ಹತ್ತಿಸಿಕೊಂಡು.

ಯಜಮಾನರ ಬೊಂಬೆಗೆ ಅವರು ಹತ್ತನೆಯ ವರ್ಷದಲ್ಲಿ ಬಳಿದ ಹಸಿರು. ಕಣ್ಣಿನ ರೆಪ್ಪೆಯ ಹತ್ತಿರ ಕುಂಚ ಜಾರಿದ್ದು ಕಾಣುತ್ತದೆ. ನಿಜಕ್ಕೂ ಆ ಸಿನಿಮಾ ಕಪ್ಪು-ಬಿಳುಪಿನದ್ದು. ಮುಖಕ್ಕೆ ನೀಲಿ ಬೆರೆತ ಹಸಿರು ಬಣ್ಣ ಹಚ್ಚಿದ್ದು ಅದು ಹಸಿರಾಗಿ ಕಾಣಲಿ ಎಂದಲ್ಲ. ಆ ಕಾಲದ ರೀಲಿನಲ್ಲಿ ಅದು ಹೆಣದ ಬಿಳಿಚು ಬಣ್ಣವಾಗಿ ಮೂಡುತ್ತಿತ್ತು. ಯಾರೂ ನೋಡದ ಹಸಿರು ಆಮೇಲೆ ಆಟಿಕೆಗಳಿಗೆ ಹತ್ತಿ, ಈಗ ನನ್ನ ಮೊಮ್ಮಗನಿಗೂ ಅವನು ಹಸಿರೇ ಇರಬೇಕು.

ಆ ಬಣ್ಣ ಹಚ್ಚಿದವನು ಜ್ಯಾಕ್ ಪಿಯರ್ಸ್. ಗ್ರೀಸಿನಿಂದ ಬಂದವನು, ಯೂನಿವರ್ಸಲಿನ ಮೇಕಪ್ ಮುಖ್ಯಸ್ಥ. ರಾಕ್ಷಸನ ಪಾತ್ರಧಾರಿ ಬೋರಿಸ್ ಕಾರ್ಲಾಫನನ್ನು ದಿನಾ ಸುಮಾರು ನಾಲ್ಕು ಗಂಟೆ ಕುರ್ಚಿಯಲ್ಲಿ ಕೂರಿಸಿ, ಹತ್ತಿ ಮತ್ತು ಕೊಲೋಡಿಯನ್ ಎಂಬ ಅಂಟನ್ನು ಪದರ ಪದರವಾಗಿ ಮೆತ್ತಿ ಆ ಹಣೆಯನ್ನು ಎಬ್ಬಿಸುತ್ತಿದ್ದ. ಕಾರ್ಲಾಫ್ ತನ್ನ ಕಟ್ಟುಹಲ್ಲನ್ನು ತೆಗೆದಿಟ್ಟು ಒಂದು ಕೆನ್ನೆ ಗುಳಿಬೀಳುವಂತೆ ಮಾಡಿಕೊಂಡ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಬಣ್ಣದ ವೇಷ. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ, ಕಡ್ಡಿಯ ತುದಿಯಿಂದ ಒಂದೊಂದೇ ಮುಳ್ಳನ್ನು ಮುಖದ ಮೇಲೆ ಎಬ್ಬಿಸುತ್ತ ಹೋಗುವ ಆ ಚುಟ್ಟಿ. ಸಂಜೆ ಕನ್ನಡಿಯ ಮುಂದೆ ಕೂತವನು ಏಳುವುದು ರಾಕ್ಷಸನಾಗಿಯೇ. ನಡುವೆ ನಗುವ ಹಾಗಿಲ್ಲ, ಚುಟ್ಟಿ ಬಿರಿಯುತ್ತದೆ. ಕಾರ್ಲಾಫನೂ ನಗುವ ಹಾಗಿರಲಿಲ್ಲ.

ಈ ಕಾರ್ಲಾಫನ ಸಂಗತಿ ಒಂದುಂಟು. ಹೆಸರು ರಷ್ಯದವನ ಹಾಗೆ ಕೇಳುತ್ತದೆ, ಹುಟ್ಟಿದ್ದು 1887ರಲ್ಲಿ ಲಂಡನ್ನಿನಲ್ಲಿ, ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. ಅಪ್ಪ ಬ್ರಿಟಿಷ್ ಸರ್ಕಾರದ ಭಾರತದ ಉಪ್ಪಿನ ಸುಂಕ ಇಲಾಖೆಯಲ್ಲಿದ್ದವನು. ಮನೆತನ ಆಂಗ್ಲೋ-ಇಂಡಿಯನ್. ತಾಯಿಯ ಚಿಕ್ಕಮ್ಮ ಅನ್ನಾ ಲಿಯೊನೊವೆನ್ಸ್. ಸಯಾಮಿನ ರಾಜನ ಮಕ್ಕಳಿಗೆ ಪಾಠ ಹೇಳಿ ಪ್ರಸಿದ್ಧಳಾದ ಆಕೆ ಹುಟ್ಟಿದ್ದು ನಮ್ಮ ಅಹಮದ್‌ನಗರದಲ್ಲಿ. ಅಮೆರಿಕದ ಮಕ್ಕಳ ನಿದ್ದೆ ಕೆಡಿಸಿದ ಮುಖದಲ್ಲಿ ಮಹಾರಾಷ್ಟ್ರದ ಬಿಸಿಲಿನ ಒಂದು ಪಾಲು ಇತ್ತು ಎಂದು ಯಜಮಾನರಿಗೆ ಹೇಳಿದೆ. ಅರುವತ್ತು ವರ್ಷದಿಂದ ಎಲ್ಲ ಓದಿಕೊಂಡವರು, ಇದು ಮಾತ್ರ ಗೊತ್ತಿರಲಿಲ್ಲ. ಆ ದಿನ ನನಗೆ ಎರಡು ಇಂಚು ಎತ್ತರ ಹೆಚ್ಚಾದ ಹಾಗಿತ್ತು.

ಚಿತ್ರದ ಆರಂಭದ ಪಟ್ಟಿಯಲ್ಲಿ ರಾಕ್ಷಸನ ಪಾತ್ರಧಾರಿಯ ಹೆಸರಿನ ಜಾಗದಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಜಾಹೀರಾತಿನ ಚಮತ್ಕಾರ. ಆದರೆ ಈ ಸಿನಿಮಾಗಳ ಹಿಂದೆ ಕೈಯಾಡಿಸಿದವರ ಪಾಡು ನೋಡಿದರೆ, ಆ ಚಿಹ್ನೆಯನ್ನು ಅವರೆಲ್ಲರ ಮುಂದೆಯೂ ಹಾಕಬಹುದು. ಪಿಯರ್ಸನನ್ನು ನಲವತ್ತರ ದಶಕದಲ್ಲಿ ಕಂಪೆನಿ ಕೈಬಿಟ್ಟಿತು. ಅವನ ಕೆಲಸ ನಿಧಾನ, ಖರ್ಚು ಹೆಚ್ಚು. ರಬ್ಬರಿನ ಅಚ್ಚು ಬಂದಿತ್ತು. ಲಾನ್ ಚೇನಿ ಜೂನಿಯರನನ್ನು ತೋಳಮನುಷ್ಯ ಮಾಡಲು ಚಮರೀಮೃಗದ ಕೂದಲನ್ನು ಎಳೆಎಳೆಯಾಗಿ ಅಂಟಿಸಿದವನು ಅವನು. ನಮ್ಮಲ್ಲಿ ದೇವರಿಗೆ ಬೀಸುವ ಚಾಮರದ ಕೂದಲು ಅಲ್ಲಿ ತೋಳನ ಕೆನ್ನೆಗೆ ಹೋಯಿತು. ಅಂಥವನು ಕೊನೆಗೆ ಮಾತಾಡುವ ಕುದುರೆಯ ಟೀವಿ ಧಾರಾವಾಹಿಗೆ ಮೇಕಪ್ ಮಾಡಿ, 1968ರಲ್ಲಿ ತೀರಿಕೊಂಡ. ಮೇಕಪ್ಪಿಗೆಂದು ಆಸ್ಕರಿನಲ್ಲಿ ಪ್ರತಿವರ್ಷದ ಪ್ರಶಸ್ತಿ ಶುರುವಾದದ್ದು 1981ರ ಚಿತ್ರಗಳಿಂದ. ಮೊದಲನೆಯದನ್ನು ಗೆದ್ದ ರಿಕ್ ಬೇಕರ್ ಆಕರ್‌ಮನ್ನನ ಪತ್ರಿಕೆ ಓದಿ ಬೆಳೆದ ಹುಡುಗ.

ಇನ್ನೊಬ್ಬಳು ಮಿಲಿಸೆಂಟ್ ಪ್ಯಾಟ್ರಿಕ್. 1954ರ 'ಕ್ರೀಚರ್ ಫ್ರಮ್ ದಿ ಬ್ಲ್ಯಾಕ್ ಲಗೂನ್' ಚಿತ್ರದ ಆ ಕಿವಿರು, ಹುರುಪೆಗಳ ಜಲಮಾನವನ ರೂಪ ಬರೆದವಳು. ಪ್ರಚಾರಕ್ಕೆ ಅವಳನ್ನು ಊರೂರು ತಿರುಗಿಸಿದರು. ಅವಳಿಗೆ ಹೆಸರು ಬರುವುದು ಮೇಕಪ್ ಮುಖ್ಯಸ್ಥನಿಗೆ ಹಿಡಿಸಲಿಲ್ಲ. ಹಿಂದಿರುಗುವಾಗ ಕೆಲಸ ಹೋಗಿತ್ತು. ದಶಕಗಳ ಕಾಲ ಆ ಮೀನುಮೈಯ ಹಿಂದೆ ಅವಳ ಹೆಸರು ಮುಳುಗಿಯೇ ಇತ್ತು.

1933ರ ಕಿಂಗ್ ಕಾಂಗನ ಕತೆ ಇನ್ನೂ ಚಂದ. ಅಷ್ಟು ದೊಡ್ಡ ಕೋತಿ ನಿಜಕ್ಕೂ ಒಂದೂವರೆ ಅಡಿಯ ಬೊಂಬೆ: ಒಳಗೆ ಲೋಹದ ಎಲುಬು, ಮೇಲೆ ಮೊಲದ ತುಪ್ಪಟ. ವಿಲ್ಲಿಸ್ ಒಬ್ರಯನ್ ಮತ್ತು ಅವನ ಸಹಾಯಕರು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು, ಹೀಗೆ ಅದನ್ನು ನಡೆಸಿದರು. ಸಿನಿಮಾ ನೋಡುವಾಗ ಗಮನಿಸಿ, ಕಾಂಗನ ಮೈಯ ತುಪ್ಪಟ ಸದಾ ಅಲುಗುತ್ತಿರುತ್ತದೆ, ಗಾಳಿ ಇಲ್ಲದಲ್ಲೂ. ಅದು ಬೊಂಬೆಯನ್ನು ಸರಿಸಿದ ಬೆರಳುಗಳ ಗುರುತು. ಅಳಿಸಲಾಗದ ತಪ್ಪು ಎಂದು ಮಾಡಿದವರಿಗೆ ಅಂಜಿಕೆಯಿತ್ತು. ನೋಡಿದವರು ಸಿಟ್ಟಿಗೆ ರೋಮ ನಿಮಿರುತ್ತಿದೆ ಎಂದುಕೊಂಡರು. ಕಾಂಗನ ಆ ಲೋಹದ ಎಲುಬುಗಳಲ್ಲಿ ಒಂದು 2009ರಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ಪೌಂಡಿಗೂ ಮೇಲೆ ಹೋಯಿತು. ತುಪ್ಪಟ, ರಬ್ಬರು ಎಲ್ಲ ಉದುರಿ ಹೋಗಿತ್ತು. ನನಗೆ ಕೇಳಿದರೆ ಕೊಂಡವನು ಎಲುಬನ್ನು ಕೊಂಡದ್ದಲ್ಲ, ಆ ಬೆರಳುಗಳನ್ನು ಕೊಂಡದ್ದು. ಹಳೆಯ ರಾಕ್ಷಸರ ಮೇಲಿನ ಈ ಹುಚ್ಚಿಗೆಲ್ಲ ನಾನು ಕೊಡುವ ವಿವರಣೆ ಇಷ್ಟೇ. ಹೆದರಿಕೆ ಯಾವತ್ತೋ ಹೋಯಿತು. ಹೆದರಿಸಲಿಕ್ಕೆ ಯಾರೋ ಕೂತು ಪಟ್ಟ ಶ್ರಮ ಉಳಿದಿದೆ, ಅದನ್ನು ಮುಟ್ಟಿ ನೋಡುವ ಆಸೆ.

ದುಡ್ಡಿನ ಲೆಕ್ಕ ನೋಡಿದರೆ ಬ್ಯಾಂಕಿನವನಿಗೂ ತಲೆ ತಿರುಗುತ್ತದೆ. ಟಾಕೀಸಿನ ಗೋಡೆಗೆ ಹಚ್ಚಿ ವಾರ ಕಳೆದ ಮೇಲೆ ಕಸಕ್ಕೆ ಹೋಗಬೇಕಿದ್ದ ಡ್ರಾಕುಲಾದ ಒಂದು ಪೋಸ್ಟರು 2017ರಲ್ಲಿ 5,25,800 ಡಾಲರಿಗೆ ಹರಾಜಾಯಿತು. ಅದಕ್ಕಿಂತ ವಿಚಿತ್ರ 'ಲಂಡನ್ ಆಫ್ಟರ್ ಮಿಡ್‌ನೈಟ್'. 1927ರ ಆ ಮೂಕಿ ಚಿತ್ರದ ಕೊನೆಯ ಪ್ರತಿ 1965ರಲ್ಲಿ ಗೋದಾಮಿನ ಬೆಂಕಿಯಲ್ಲಿ ಸುಟ್ಟುಹೋಯಿತು. ಈಗ ಅದನ್ನು ನೋಡಲು ಸಾಧ್ಯವೇ ಇಲ್ಲ. ಅದರ ಪೋಸ್ಟರು 2014ರಲ್ಲಿ ಹೋದದ್ದು 4,78,000 ಡಾಲರಿಗೆ. ಊಟವೇ ಇಲ್ಲದ ಮದುವೆಯ ಕರೆಯೋಲೆಗೆ ಇಷ್ಟು ಬೆಲೆ.

ಇದರಲ್ಲಿ ಲುಗೋಸಿಗೆ ಏನು ಸಿಕ್ಕಿತು? ಡ್ರಾಕುಲಾ ಚಿತ್ರಕ್ಕೆ ಅವನಿಗೆ ಕೊಟ್ಟದ್ದು ಒಟ್ಟು 3,500 ಡಾಲರು. ಕೊನೆಗಾಲದಲ್ಲಿ ಕೈಯಲ್ಲಿ ಕಾಸಿರಲಿಲ್ಲ. 1956ರಲ್ಲಿ ಸತ್ತಾಗ ಡ್ರಾಕುಲಾನ ನಿಲುವಂಗಿ ತೊಡಿಸಿಯೇ ಹೂಳಿದರು. ಆಮೇಲೆ ಆಟಿಕೆ, ಅಂಗಿ, ಮುಖವಾಡ ಎಲ್ಲದರ ಮೇಲೆ ಅವನ ಮುಖ ಬಂದು ಕಂಪೆನಿಗೆ ಹಣ ಬರತೊಡಗಿತು. ಹೆಂಡತಿ, ಮಗ ಕೋರ್ಟಿಗೆ ಹೋದರು. ಮುಖ ಅವನದ್ದಾದರೂ ಅದರ ಹಕ್ಕು ವಾರಸುದಾರರಿಗೆ ಇಳಿದುಬರುವುದಿಲ್ಲ ಎಂದು 1979ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಬದಲಾದದ್ದು ಅದರ ನಂತರ. 1997ರಲ್ಲಿ ಅಮೆರಿಕದ ಅಂಚೆ ಇಲಾಖೆ 32 ಸೆಂಟಿನ ಸ್ಟ್ಯಾಂಪಿನ ಮೇಲೆ ಅವನನ್ನೂ ಕಾರ್ಲಾಫನನ್ನೂ ಅಚ್ಚುಹಾಕಿತು. ಆ ಹಾಳೆಯೊಂದು ಯಜಮಾನರ ಗರಾಜಿನಲ್ಲಿ ಗಾಜಿನ ಹಿಂದೆ ಇತ್ತು. ಅದನ್ನವರು ಮಾರಲಿಲ್ಲ.

ಊರಿಗೆ ಹೊರಡುವ ಹಿಂದಿನ ವಾರ ಮೊಮ್ಮಗನನ್ನು ಕೂರಿಸಿಕೊಂಡು ಫ್ರಾಂಕೆನ್‌ಸ್ಟೈನ್ ನೋಡಿದೆ. ಎಂಟು ವರ್ಷದ ಮಗುವಿಗೆ ಇದೆಂಥದ್ದು ತೋರಿಸುವುದು ಎಂದು ಮಗಳು ಮೊದಲು ಬೈದಳು, ಆಮೇಲೆ ತಾನೂ ಬಂದು ಕೂತಳು. ಕೆರೆಯ ದಂಡೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ರಾಕ್ಷಸನಿಗೆ ಹೂ ಕೊಡುತ್ತಾಳೆ. ಇಬ್ಬರೂ ಹೂವನ್ನು ನೀರಿಗೆ ಹಾಕುತ್ತಾರೆ, ಹೂ ತೇಲುತ್ತದೆ. ಹೂ ಮುಗಿದಾಗ ಅವನು ಹುಡುಗಿಯನ್ನೇ ಎತ್ತಿ ಹಾಕುತ್ತಾನೆ. ಈ ಕೊನೆಯ ತುಣುಕನ್ನು ಕತ್ತರಿಸಿ ಬಹಳ ಕಾಲ ತೋರಿಸದೆ ಇಟ್ಟಿದ್ದರು. 1980ರ ದಶಕದಲ್ಲಿ ಮತ್ತೆ ಸೇರಿಸಿದ್ದು. ಕತ್ತರಿಸಿದಾಗ ಅವನೇನು ಮಾಡಿದನೋ ಎಂದು ಜನ ಇನ್ನೂ ಕೆಟ್ಟದ್ದನ್ನು ಊಹಿಸಿಕೊಂಡಿದ್ದರಂತೆ. ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಅಜ್ಜ, ಅವಳೂ ತೇಲ್ತಾಳೆ ಅಂತ ಅಂದ್ಕೊಂಡಿದ್ದ ಅವ್ನು. ಪಾಪ." ಮಗಳು ನನ್ನನ್ನು ನೋಡಿದಳು, ಆಮೇಲೆ ಬೈಯಲಿಲ್ಲ.

ಬೊಂಬೆ ನನ್ನ ಕೈಚೀಲದಲ್ಲಿ ಅಂಗಿಯ ಸುತ್ತಿನೊಳಗೆ ಮಂಗಳೂರಿಗೆ ಬಂತು. ಮುರಿದ ಕೈಗೆ ಏನಾದರೂ ಮಾಡಬಹುದೇ ಎಂದು ಊರಿನ ಒಬ್ಬರು ಹಿರಿಯ ವೇಷಧಾರಿಗಳ ಹತ್ತಿರ ಒಯ್ದೆ. ನಲವತ್ತು ತಿರುಗಾಟ ಬಣ್ಣದ ವೇಷ ಮಾಡಿ ಈಗ ಮೊಣಕಾಲು ನೋವಿನಿಂದ ಮನೆಯಲ್ಲಿದ್ದಾರೆ. ಇದನ್ನು ನೋಡಿದ ಉಳಿದವರೆಲ್ಲ ಎಲ್ಲಿಂದ ತಂದದ್ದು, ಎಷ್ಟು ಕೊಟ್ಟದ್ದು ಎಂದು ಕೇಳಿದ್ದರು. ಅವರು ಕನ್ನಡಕ ಮೇಲೆತ್ತಿ ಹಣೆಯ ಭಾಗವನ್ನೇ ಬಹಳ ಹೊತ್ತು ನೋಡಿದರು.

"ಬರೆದದ್ದು ಯಾರು?" ಎಂದು ಕೇಳಿದರು.

ಸಿನಿಮಾದಲ್ಲಿ ಪಿಯರ್ಸ್ ಎಂಬವನು, ಇದರ ಮೇಲೆ ಒಬ್ಬ ಹುಡುಗ, ಎಂದೆ.

"ಎಷ್ಟು ಹೊತ್ತು ಬೇಕಿತ್ತಂತೆ ಅವನಿಗೆ?"

"ನಾಲ್ಕು ಗಂಟೆ."

"ನಮ್ದೂ ಅಷ್ಟೇ ಅಲ್ವಾ," ಎಂದರು. ಆಮೇಲೆ, "ತೆಗಿಲಿಕ್ಕೆ?"

"ಅದಕ್ಕೂ ಗಂಟೆಗಟ್ಟಲೆ ಆಗ್ತಿತ್ತಂತೆ. ಚರ್ಮವೇ ಕಿತ್ತು ಬರುವ ಹಾಗೆ ಉರಿ."

ಅವರು ಬೊಂಬೆಯನ್ನು ಮೆಲ್ಲಗೆ ಜಗಲಿಯ ಮೇಲೆ ನಿಲ್ಲಿಸಿದರು.

"ಪಾಪ, ಯಾರೂ ಹೇಳ್ಲಿಲ್ವಾ ಅವರಿಗೆ? ತೆಂಗಿನೆಣ್ಣೆ ಹಾಕಿದ್ರೆ ಹತ್ತು ನಿಮಿಷದ ಕೆಲಸ."